ಬದುಕಿದ್ದವಳಿಗೆ ಇಟ್ಟ ಎಡೆ

ಭಾದ್ರಪದ ಕಳೆಯುತ್ತ ಬಂದಿತ್ತು. ಮಹಾಲಯ ಅಮಾವಾಸ್ಯೆಗೆ ಇನ್ನು ಒಂಬತ್ತು ದಿನ. ಬೆಳಗಿನ ಆರು ಗಂಟೆ, ಚಾಮರಾಜಪೇಟೆಯ ಆ ಬೀದಿಗೆ ಕಾವೇರಿ ನೀರು ಬಿಡುವ ಹೊತ್ತು. ಶುರುವಾದದ್ದು ಆವಾಗ.

ಸಂಪಿಗೆ ನೀರು ಬೀಳುವ ಸದ್ದು ಕೇಳಿ ಗುರುಬಸಮ್ಮ ಹಿತ್ತಲಿಗೆ ಬಂದಳು. ಎಪ್ಪತ್ತಾರು ವರ್ಷದ ಮುದುಕಿ. ಮುಚ್ಚಳ ಸರಿಸಿ ನೀರು ಎಷ್ಟು ಬಂತೆಂದು ನೋಡುವುದು ಅವಳ ದಿನದ ಮೊದಲ ಕೆಲಸ. ಆ ದಿನ ಮುಚ್ಚಳ ಆಗಲೇ ಸರಿದಿತ್ತು. ಮೊಮ್ಮಗ ಪ್ರಭುದೇವನ ಹೆಂಡತಿ ತನುಶ್ರೀ ಸಂಪಿನ ಅಂಚಿನಲ್ಲಿ ಕುಕ್ಕರಗಾಲಲ್ಲಿ ಕೂತು, ಇಪ್ಪತ್ತನಾಲ್ಕು ದಿನದ ಹೆಣ್ಣುಕೂಸನ್ನು ಎರಡೂ ಅಂಗೈಯಲ್ಲಿ ಹಿಡಿದು ನೀರಿನ ಮೇಲೆ ಬಾಗಿದ್ದಳು.

"ಅಜ್ಜಿ, ಕೇಳಿಸ್ತಾ? ನೀರು ಇವಳ ಹೆಸರು ಹಿಡಿದು ಕರೀತಿದೆ."

"ಹೆಸರೇ ಇಟ್ಟಿಲ್ವಲ್ಲ ತಾಯಿ ಇನ್ನೂ."

"ಅದಕ್ಕೆ ಗೊತ್ತು."

ಗುರುಬಸಮ್ಮ ಕೂಗಲಿಲ್ಲ. ಕೂಗಿದರೆ ಕೈ ಬೆದರುತ್ತದೆ ಎಂಬುದು ಅವಳಿಗೆ ತಿಳಿದಿತ್ತು. "ಸರಿ, ಕೊಡಿಲ್ಲಿ. ಎಣ್ಣೆ ಹಚ್ಚೋ ಹೊತ್ತಾಯ್ತು," ಎಂದು ದಿನದ ಮಾತಿನಂತೆ ಹೇಳಿ ಕೂಸನ್ನು ಎತ್ತಿಕೊಂಡಳು, ಕಾಲಿನಿಂದ ಮುಚ್ಚಳ ತಳ್ಳಿದಳು. ಆಮೇಲೆ ಬಟ್ಟೆ ಒಗೆಯುವ ಕಲ್ಲಿನ ಮೇಲೆ ಕೂತಳು.

ತನುಶ್ರೀ ತಾಯಿಯಿಲ್ಲದ ಹುಡುಗಿ. ಅದಕ್ಕೇ ಬಾಣಂತನ ಗಂಡನ ಮನೆಯಲ್ಲಿ. ಅತ್ತೆಯೂ ತೀರಿಕೊಂಡು ನಾಲ್ಕು ವರ್ಷವಾಗಿದ್ದರಿಂದ ಎಣ್ಣೆ, ನೀರು, ಕಾಯ, ಧೂಪ ಎಲ್ಲಾ ಗುರುಬಸಮ್ಮನ ಕೈಯದೇ. ಮಲ್ಲೇಶ್ವರದ ಬ್ಯಾಂಕಿನಲ್ಲಿ ಕೆಲಸಕ್ಕಿದ್ದ ನಗುಮುಖದ ಹುಡುಗಿ ಹನ್ನೊಂದು ದಿನದಿಂದ ಕಣ್ಣು ಮುಚ್ಚಿರಲಿಲ್ಲ. ಒಗೆದ ಬಟ್ಟೆಯನ್ನೇ ಮತ್ತೆ ಒಗೆಯುವುದು, ಇದು ನನ್ನ ಕೂಸಲ್ಲ, ಬದಲಾಯಿಸಿಬಿಟ್ಟಿದ್ದಾರೆ ಎಂದು ಗೋಡೆಗೆ ಹೇಳುವುದು. ಗುರುಬಸಮ್ಮನಿಗೆ ಇದರ ಹೆಸರು ಗೊತ್ತಿತ್ತು. ಬಾಣಂತಿ ಸನ್ನಿ. ಹೆಸರು ಬಾಯಿಗೆ ಬಂದಿತ್ತು, ಅವಳು ನುಂಗಿಕೊಂಡಿದ್ದಳು. ಯಾಕೆ ನುಂಗಿಕೊಂಡಳು ಎಂಬುದೇ ಈ ಕಥೆ.

ಅಂದು ತಿಂಡಿಯ ಹೊತ್ತಿಗೆ ಮನೆಯವರು ನಡುಮನೆಯಲ್ಲಿ ಕೂತರು. ಮಗ ಚಿದಂಬರನಿಗೆ ಐವತ್ತೆಂಟು. ಬಳೇಪೇಟೆಯಲ್ಲಿ ಅವನಪ್ಪ ಪಂಚಾಕ್ಷರಯ್ಯ ಬಿಟ್ಟುಹೋದ ಬಳೆಯ ಸಗಟು ಅಂಗಡಿ ನಡೆಸುವವನು. ಹಣೆಗೆ ವಿಭೂತಿಯಿಲ್ಲದೆ ಗಲ್ಲಾದ ಮುಂದೆ ಕೂರದವನು. ಅವನ ಮಗ ಪ್ರಭುದೇವ ಹೆಂಡತಿಯ ಕೋಣೆಯ ಬಾಗಿಲಿಗೆ ಒರಗಿ ನಿಂತಿದ್ದ. ಮಗಳು ಅಕ್ಷಯಾ, ಶೇಷಾದ್ರಿಪುರದ ಹೈಸ್ಕೂಲಿನಲ್ಲಿ ವಿಜ್ಞಾನದ ಮೇಡಂ, ಆಗಲೇ ಚಪ್ಪಲಿ ಮೆಟ್ಟಿಕೊಂಡು ಆಸ್ಪತ್ರೆಗೆ ಹೊರಟು ನಿಂತಿದ್ದಳು.

"ಅಪ್ಪ, ಇದು ಕಾಯಿಲೆ. ಸಾವಿರ ಬಾಣಂತೀರಲ್ಲಿ ಒಬ್ಬಿಬ್ಬರಿಗೆ ಬರುತ್ತೆ. ಬೇಗ ಔಷಧಿ ಕೊಟ್ರೆ ವಾಸಿಯಾಗುತ್ತೆ. ಸರ್ಕಾರಿ ಆಸ್ಪತ್ರೇಲಿ ತಾಯೀನೂ ಕೂಸನ್ನೂ ಒಟ್ಟಿಗೇ ಇಟ್ಕೋತಾರೆ. ಈಗಲೇ ಹೋಗೋಣ."

"ಯಾವ ಆಸ್ಪತ್ರೆ? ಹುಚ್ಚಾಸ್ಪತ್ರೆ ಅನ್ನು, ಬಾಯಿ ಬಿಟ್ಟು."

"ಹೂಂ. ಅದೇ."

"ಅಡಕೆಗೆ ಹೋದ ಮಾನ ಆನೆ ಕೊಟ್ರೂ ಬರಲ್ಲ ಮಗಳೇ. ಆ ಗೇಟಲ್ಲಿ ಒಂದ್ಸಲ ಚೀಟಿ ಬರೆಸಿದ್ರೆ ಜನ್ಮಕ್ಕಂಟಿದ ಹೆಸರು. ನಿನ್ನ ನೋಡಕ್ಕೆ ಬರೋ ಗಂಡಿನ ಕಡೆಯೋರು ಮೊದಲು ಕೇಳೋದೇ ಇದು."

"ಕೇಳಲಿ. ಅಂಥ ಗಂಡು ಬರದೇ ಇದ್ರೆ ಅದೇ ಲಾಭ."

"ಬಾಯಿ ಮಾತ್ರ ಊರಗಲ ನಿಂಗೆ," ಎಂದು ಚಿದಂಬರ ತಟ್ಟೆ ಸರಿಸಿದ. ಆಮೇಲೆ ದನಿ ತಗ್ಗಿಸಿದ. "ಇದು ಕಾಯಿಲೆಯಲ್ಲ. ನನಗೆ ಗೊತ್ತು ಇದೇನು ಅಂತ. ನನ್ನ ಹೆತ್ತೋಳು ಹಸೀ ಬಾಣಂತಿಯಾಗಿದ್ದಾಗ ಸತ್ತೋಳು, ಇದೇ ಮನೇಲಿ. ಮಗೂನ ಕಣ್ತುಂಬ ನೋಡಲಿಲ್ಲ. ಆ ಆಸೆ ಎಲ್ಲಿಗೆ ಹೋಗುತ್ತೆ? ನನ್ನ ಹೆಂಡತಿ ಬಾಣಂತನದಲ್ಲೂ ಒಂದು ತಿಂಗಳು ಜ್ವರ. ಈಗ ಇವಳು. ಅಲ್ವೇನಮ್ಮ? ನೀನೇ ಹೇಳು."

ಗುರುಬಸಮ್ಮ ಕೂಸಿನ ತಲೆಯ ಕುಲಾವಿ ಸರಿಪಡಿಸಿದಳು.

ಮಾಗಡಿ ರಸ್ತೆಯಾಚೆ ಒಂದು ತೋಪಿನಲ್ಲಿ ದೊಡ್ಡಬೈರಪ್ಪ ಎಂಬವನೊಬ್ಬ ಗಾಳಿ ಬಿಡಿಸುತ್ತಿದ್ದ. ಕಂಬಕ್ಕೆ ಕಟ್ಟಿ, ಹೊಗೆ ಹಾಕಿ, ಬೇವಿನ ಬರಲಿನಿಂದ ಹೊಡೆದು ಗಾಳಿಯನ್ನು ಮಾತಾಡಿಸುತ್ತಿದ್ದನಂತೆ. ಚಿದಂಬರ ಆಗಲೇ ಅವನಲ್ಲಿಗೆ ಹೋಗಿಬಂದಿದ್ದ. ಅಮಾವಾಸ್ಯೆಯ ಮಧ್ಯಾಹ್ನ ವ್ಯಾನು ಬರುತ್ತದೆ, ಒಂದು ಮಂಡಲ, ಅಂದರೆ ನಲವತ್ತೆಂಟು ದಿನ, ಅಲ್ಲೇ ಇರಬೇಕು, ಕೂಸು ಜೊತೆಗೆ ಬರಕೂಡದು. ಕೇಳಿದವರಿಗೆ ತನುಶ್ರೀ ತುಮಕೂರಿಗೆ ಅಪ್ಪನ ಮನೆಗೆ ಹೋಗಿದ್ದಾಳೆ ಎನ್ನುವುದು.

"ಪ್ರಭು, ನೀನಾದ್ರೂ ಮಾತಾಡೋ," ಎಂದಳು ಅಕ್ಷಯಾ.

"ಅಪ್ಪ ಹೇಳೋದ್ರಲ್ಲೂ..." ಎಂದು ಪ್ರಭುದೇವ ನೆಲ ನೋಡಿದ.

"ಕೂತ್ಕೋ. ಬಳೆ ತೊಡಿಸ್ತೀನಿ. ಅಂಗಡಿ ನಮ್ಮದೇ ಅಲ್ವಾ," ಎಂದಳು ಅವನ ತಂಗಿ.

ಅಂದಿನಿಂದ ಅಕ್ಷಯಾ ಶಾಲೆಗೆ ರಜೆ ಹಾಕಿ ಅತ್ತಿಗೆಯ ಮಂಚದ ಪಕ್ಕ ಚಾಪೆ ಹಾಕಿಕೊಂಡಳು. ಸಂಪಿನ ಮುಚ್ಚಳಕ್ಕೆ ಬೀಗ ಬಿತ್ತು. ಕಾರಿನ ಕೀಲಿ ಚಿದಂಬರನ ಸೊಂಟ ಸೇರಿತು. ಅಕ್ಷಯಾ ಒಮ್ಮೆ ಆಟೋ ಕರೆತಂದಳು. ತನುಶ್ರೀ ಆಟೋದವನನ್ನು ಕಂಡು ಕಿರುಚಿ ಕೋಣೆ ಸೇರಿ ಅಗುಳಿ ಹಾಕಿಕೊಂಡಳು. ಚಿದಂಬರ ಆಟೋ ಕಳಿಸಿಬಿಟ್ಟ.

ಗುರುಬಸಮ್ಮ ದಿನಗಳನ್ನು ನೋಡುತ್ತ ಕೂತಳು. ಐವತ್ತು ವರ್ಷದಿಂದ ಸೆರಗಿನಲ್ಲಿ ಕಟ್ಟಿಕೊಂಡಿದ್ದ ಕೆಂಡ ಈಗ ಮೈ ಸುಡುತ್ತಿತ್ತು.

ಅವಳು ಪಂಚಾಕ್ಷರಯ್ಯನಿಗೆ ಎರಡನೆಯವಳು. ಹತ್ತೊಂಬತ್ತರ ವಯಸ್ಸಿನಲ್ಲಿ ಈ ಮನೆಯ ಹೊಸ್ತಿಲು ತುಳಿದಾಗ ಚಿದಂಬರ ಒಂದು ವರ್ಷದ ತಬ್ಬಲಿ ಎಂದು ಹೇಳಿದ್ದರು. ಹಿರಿಯವಳು, ಸಿದ್ದಗಂಗಮ್ಮ, ಬಾಣಂತಿಯಾಗಿ ತೀರಿಕೊಂಡಳು ಎಂದಿದ್ದರು. ಸತ್ತ ಸವತಿ ಕಾಡಬಾರದೆಂದು ಅವಳ ಹೆಸರಿನ ಬೆಳ್ಳಿ ಬಿಲ್ಲೆಯೊಂದನ್ನು ತಾಳಿಯ ಜೊತೆ ಪೋಣಿಸಿದ್ದರು. ಶರಣರ ಮನೆಗೆ ಶ್ರಾದ್ಧವಿಲ್ಲ ಎನ್ನುತ್ತಾರೆ; ಆದರೂ ಪೇಟೆಯ ಮನೆಗಳಲ್ಲಿ ಮಹಾಲಯದ ದಿನ ಹಿರಿಯರಿಗೆ ಎಡೆ ಇಡುವುದುಂಟು. ಪ್ರತಿ ವರ್ಷ ಗುರುಬಸಮ್ಮ ಕಡುಬು, ಕಾಯಿಹಾಲು ಮಾಡಿ, ಹೊಸ ಸೀರೆಯಿಟ್ಟು, ಪುಟ್ಟ ಚಿದಂಬರನನ್ನು ಅದರ ಮುಂದೆ ಅಡ್ಡಬೀಳಿಸುತ್ತಿದ್ದಳು. "ಅಮ್ಮಂಗೆ ಕೈ ಮುಗಿ." ಅವನು ಮುಗಿದು, ತಿರುಗಿ ಇವಳ ಮಡಿಲಿಗೇ ಓಡಿಬರುತ್ತಿದ್ದ.

ಅವನಿಗೆ ಏಳು ತುಂಬಿದ ವರ್ಷ, ಒಂದು ಮಧ್ಯಾಹ್ನ, ಹಿತ್ತಲ ಬಾಗಿಲಿಗೆ ಒಬ್ಬಳು ಬಂದಳು. ಖಾಕಿ ಅಂಚಿನ ಬಿಳಿ ಸೀರೆ. ಹೆಸರು ಚಿಕ್ಕಮುನಿಯಮ್ಮ, ಸರ್ಕಾರಿ ಹುಚ್ಚಾಸ್ಪತ್ರೆಯ ಆಯಾ.

"ಸಿದ್ದಗಂಗಮ್ಮ ಅಂತ ನಿಮ್ಮ ಮನೇವ್ರಾ ತಾಯಿ? ಆಯಮ್ಮ ನಮ್ಮ ವಾರ್ಡ್‌ನಾಗವ್ಳೆ. ಏಳು ವರ್ಸಾತು. ಈಗ ಬುದ್ಧಿ ನೆಟ್ಟಗದೆ. ಹೂ ಕಟ್ತಾಳೆ, ಬೇರೆಯೋರ್ಗೆ ತಲೆ ಬಾಚ್ತಾಳೆ. ಡಾಕ್ಟ್ರು ಮನೇಗ್ ಕಳಿಸ್ಬೋದು ಅಂತಾವ್ರೆ. ಆದ್ರೆ ಬರೆಸಿರೋ ವಿಳಾಸ ಬಿನ್ನಿಪೇಟೇದು, ಕಾಗ್ದ ಹಾಕಿದ್ರೆ ವಾಪಸ್ ಬತ್ತದೆ. ಆಯಮ್ಮ ಮಾತ್ರ ಬಳೇಪೇಟೆ ಬಳೇಪೇಟೆ ಅಂತಾಳೆ. ನಮ್ಮಲ್ಲಿ ಗಾಜಿನ ಬಳೆ ಹಾಕೋಂಗಿಲ್ಲ, ಕೆಂಪು ದಾರ ಇಸ್ಕೊಂಡು ಕೈಗೆ ಸುತ್ಕೊಂಡವ್ಳೆ. ಅಂಗಡಿ ಅಂಗಡೀಲಿ ಕೇಳ್ಕೊಂಡು ಬಂದೆ. ಒಂದು ಮಗ ಇರ್ಬೇಕು ಅಂತಾಳೆ."

ಆ ಹೊತ್ತಿಗೆ ಚಿದಂಬರ ಒಳಗಿನಿಂದ "ಅಮ್ಮಾ, ಹಸಿವು" ಎಂದು ಕೂಗಿದ. ಚಿಕ್ಕಮುನಿಯಮ್ಮ ಒಳಗೆ ಇಣುಕಿದಳು. ಗುರುಬಸಮ್ಮ ಬಾಗಿಲಿಗೆ ಅಡ್ಡ ನಿಂತಳು.

"ಆ ಹೆಸರಿನೋರು ಇಲ್ಲಿ ಯಾರೂ ಇಲ್ಲ. ಇದ್ದೋರು ಸತ್ತುಹೋದ್ರು. ವರ್ಷಾ ವರ್ಷ ಎಡೆ ಇಡ್ತೀವಿ."

ಆಯಾ ಅವಳ ಕೊರಳಿನ ಬಿಲ್ಲೆ ನೋಡಿದಳು, ಅವಳ ಮುಖ ನೋಡಿದಳು. "ಸರಿ ಬುಡಿ ತಾಯಿ," ಎಂದು ಹೊರಟುಹೋದಳು.

ಯಾರೂ ಅವಳ ಕತ್ತು ಹಿಸುಕಿ ಆ ಮಾತು ಹೇಳಿಸಿರಲಿಲ್ಲ. ಅತ್ತೆ ಒಳಗೆ ಮಲಗಿದ್ದರು, ಗಂಡ ಅಂಗಡಿಯಲ್ಲಿದ್ದ. ತನ್ನ ಜಾಗ ಹೋದೀತು, ಮಗು ಹೋದೀತು ಎಂದು ಅವಳೇ ಹೇಳಿದಳು.

ಸಂಜೆ ಅತ್ತೆಯನ್ನು ಕೇಳಿದಳು. ಆ ಮುದುಕಿ ಅಕ್ಕಿ ಆರಿಸುವುದನ್ನು ಬಿಡದೆ ಹೇಳಿದರು: "ಕೊರಳಲ್ಲಿ ದಾರ ಇರಕೂಡದು ಅಂತ ಆಸ್ಪತ್ರೆಯೋರು ಅವಳ ಲಿಂಗ ಕಳಚಿಕೊಟ್ರು. ನಿನ್ನ ಗಂಡ ತಂದ. ಮೈಮೇಲಿನ ಲಿಂಗ ಹೋದ್ಮೇಲೆ ಆಳು ಹೋದಂಗೇ. ಅದನ್ನ ನಮ್ಮ ರುದ್ರಭೂಮೀಲಿ ಇಟ್ಟು ಸಮಾಧಿ ಮಾಡಿದ್ವಿ. ಅಯ್ನೋರು ಬಂದು ಎಲ್ಲಾ ಶಾಸ್ತ್ರ ಮಾಡಿದ್ರು. ಸುಳ್ಳೇನಿದೆ ಇದ್ರಲ್ಲಿ? ನಂಗೆ ಇನ್ನೂ ಎರಡು ಹೆಣ್ಣುಮಕ್ಕಳಿದ್ವು ಮದುವೆಗೆ. ಹುಚ್ಚಿಯ ನಾದಿನೀರನ್ನ ಯಾರು ತಗೋತಿದ್ರು? ಆಮೇಲೆ ಮನೆಗೆ ನಿನ್ನ ತರಬೇಕಿತ್ತು. ಬದುಕಿರೋಳ ಮೇಲೆ ನಿಮ್ಮಪ್ಪ ಕೊಡ್ತಿದ್ನಾ?"

ಬೇರೆ ಮನೆಗಳಲ್ಲೂ ಹೀಗೆ ಮಾಡಿದವರಿದ್ದರು ಎಂದು ಗುರುಬಸಮ್ಮನಿಗೆ ಆಮೇಲಾಮೇಲೆ ತಿಳಿಯಿತು. ಕೆಲವರು ಕಾಶಿಗೆ ಹೋದ ಎನ್ನುತ್ತಿದ್ದರು, ಕೆಲವರು ನದಿಗೆ ಬಿದ್ದಳು ಎನ್ನುತ್ತಿದ್ದರು. ಶಾಸ್ತ್ರಕ್ಕೆ ಹೆದರುವ ಜನ ಶಾಸ್ತ್ರದಿಂದಲೇ ಬದುಕಿದ್ದವರನ್ನು ಮುಗಿಸುತ್ತಿದ್ದರು.

ಎಂಟು ವರ್ಷ ಕಳೆದು ಚಿಕ್ಕಮುನಿಯಮ್ಮ ಮತ್ತೆ ಬಂದಳು. ಕೊಟ್ಟ ನೀರು ಕುಡಿಯಲಿಲ್ಲ. "ಆಯಮ್ಮ ಹೋಗ್ಬುಟ್ಲು. ಜ್ವರ. ನಾವೇ ಮಣ್ಣು ಮಾಡಿದ್ವಿ, ಆಸ್ಪತ್ರೆ ಮಸಾಣದಾಗೆ. ಹೇಳಿ ಹೋಗಾನ ಅಂತ ಬಂದೆ," ಎಂದಷ್ಟೇ ಹೇಳಿ ಹೋದಳು. ಬೈದಿದ್ದರೆ ಗುರುಬಸಮ್ಮನಿಗೆ ಸಮಾಧಾನವಾಗುತ್ತಿತ್ತೇನೋ.

ಅಮಾವಾಸ್ಯೆ ಭಾನುವಾರ ಬಂತು. ಹನ್ನೊಂದು ಗಂಟೆಗೆ ನಡುಮನೆಯಲ್ಲಿ ಬಾಳೆಯೆಲೆಗಳು ಹರಡಿದವು. ವ್ಯಾನು ಎರಡು ಗಂಟೆಗೆ. ತನುಶ್ರೀಯ ಎರಡು ಸೀರೆ, ಒಂದು ಟವೆಲು ಚೀಲದಲ್ಲಿ ಬಾಗಿಲ ಹತ್ತಿರ ಇದ್ದವು. ಒಳಗೆ ಅವಳು ಹಾಡಿದ್ದನ್ನೇ ಹಾಡುತ್ತಿದ್ದಳು. ಕೂಸು ಹಾಲಿಗೆ ಅಳುತ್ತಿತ್ತು.

ಚಿದಂಬರ ಮಡಿಯುಟ್ಟು ಕೂತ. "ಅಮ್ಮ, ನನ್ನ ಹೆತ್ತೋಳ ಎಡೆ ಮೊದಲು ಬಡಿಸು. ಇವತ್ತು ತೃಪ್ತಿಯಾಗ್ಲಿ ಅವಳಿಗೆ. ಮಧ್ಯಾಹ್ನದ ಕೆಲಸ ಸಲೀಸಾಗುತ್ತೆ."

ಗುರುಬಸಮ್ಮ ಕಡುಬಿನ ಪಾತ್ರೆಯನ್ನು ನೆಲಕ್ಕಿಟ್ಟಳು.

"ಇಡಲ್ಲ."

"ಏನು?"

"ಅವಳಿಗೆ ಎಡೆ ಇಡಲ್ಲ ಚಿದಂಬರ. ಇಟ್ಟಿದ್ದು ಸಾಕು. ಈ ಹುಡುಗೀನ ಹಿಡಿದಿರೋದು ನಿನ್ನ ತಾಯಿ ಅಲ್ಲ. ಅವಳು ಈ ಮನೇಲಿ ಸಾಯಲೇ ಇಲ್ಲ."

ಅವಳು ನಿಂತೇ ಹೇಳಿದಳು. ಬಾಣಂತಿ ಸನ್ನಿ, ಬಿನ್ನಿಪೇಟೆಯ ಸುಳ್ಳು ವಿಳಾಸ, ಕಳಚಿ ತಂದ ಲಿಂಗ. ಹಿತ್ತಲ ಬಾಗಿಲಿಗೆ ಬಂದ ಆಯಾ. ತಾನು ಅಡ್ಡ ನಿಂತದ್ದನ್ನೂ ಬಿಡಲಿಲ್ಲ, ಅತ್ತೆಯ ಮೇಲೆ ಹಾಕಿ ಹಗುರ ಮಾಡಿಕೊಳ್ಳಲಿಲ್ಲ. ಅಕ್ಷಯಾ ಕೋಣೆಯಿಂದ ಹೊರಗೆ ಬಂದು ಗೋಡೆ ಹಿಡಿದು ಕೇಳಿದಳು.

ಚಿದಂಬರ ಮುಂದಿದ್ದ ಖಾಲಿ ಎಲೆಯನ್ನು ಮಡಚಿದ.

"ನಾನು ಕೈಮುಗೀತಿದ್ನಲ್ಲ ಚಿಕ್ಕೋನಿದ್ದಾಗ. ಆಗೆಲ್ಲ ಅವಳು ಇದ್ಲಾ?"

"ಇದ್ಲು. ನಿಂಗೆ ಹದಿನೈದು ತುಂಬೋವರೆಗೂ ಇದ್ಲು."

"ಇದೇ ಊರಲ್ಲಿ?"

"ಇದೇ ಊರಲ್ಲಿ. ಬಸ್ಸಲ್ಲಿ ಹೋದ್ರೆ ಅರ್ಧ ಗಂಟೆ."

"ನೀನ್ಯಾಕೆ ಹೇಳಲಿಲ್ಲ?"

"ನೀನು ನನ್ನನ್ನ ಅಮ್ಮ ಅಂತಿದ್ದೆ."

ಅವನು ಎದ್ದು ಹಿತ್ತಲಿಗೆ ಹೋದ. ಯಾರೂ ಹಿಂದೆ ಹೋಗಲಿಲ್ಲ. ಗುರುಬಸಮ್ಮ ಕೂಸನ್ನು ಎತ್ತಿಕೊಂಡು, "ಪ್ರಭು, ನಿನ್ನ ತಾತ ಮಾಡಿದ್ದನ್ನ ನೀನು ಮಾಡ್ಬೇಡ. ಕಾರು ತೆಗಿ," ಎಂದಳು. ಪ್ರಭುದೇವ ಅಳುತ್ತಲೇ ಅಪ್ಪನ ಅಂಗಿಯ ಜೇಬಿಗೆ, ಮೇಜಿನ ಖಾನೆಗೆ ಕೈ ಹಾಕಿ ಹುಡುಕಿದ. ಹಿತ್ತಲಿನಿಂದ ಚಿದಂಬರ ಬಂದು, ಸೊಂಟದ ಕೀಲಿ ತೆಗೆದು ಮಗನ ಕೈಗೆ ಕೊಟ್ಟು, ಮತ್ತೆ ಹಿತ್ತಲಿಗೆ ನಡೆದ.

ಅಕ್ಷಯಾ ಅತ್ತಿಗೆಯ ಪಕ್ಕ ಕೂತು, "ನಿದ್ದೆ ಬರಿಸೋರ ಹತ್ರ ಹೋಗ್ತಿದೀವಿ ಕಣೇ ತನು. ಕೂಸೂ ನಮ್ಮ ಜೊತೆಗೇ ಬರುತ್ತೆ," ಎಂದು ದಾರಿಯುದ್ದಕ್ಕೂ ಅದೊಂದೇ ಮಾತು ಹೇಳಿದಳು. ಆಸ್ಪತ್ರೆಯ ತುರ್ತು ವಿಭಾಗದಲ್ಲಿ ಬರೆದುಕೊಳ್ಳುವ ಹುಡುಗಿ ವಿಳಾಸ ಕೇಳಿದಾಗ ಪ್ರಭುದೇವ ತಡವರಿಸಿದ. ಗುರುಬಸಮ್ಮ ಮುಂದೆ ಬಾಗಿ ಮನೆ ನಂಬರು, ಅಡ್ಡರಸ್ತೆ, ಚಾಮರಾಜಪೇಟೆ ಎಂದು ನಿಧಾನವಾಗಿ ಹೇಳಿದಳು. "ಸರಿಯಾಗಿ ಬರ್ಕೊಂಡ್ಯಾ ತಾಯಿ? ಇನ್ನೊಂದ್ಸಲ ಓದು," ಎಂದಳು.

ತಾಯಿ ಮಕ್ಕಳ ವಾರ್ಡಿನಲ್ಲಿ ಜೊತೆಗೆ ಉಳಿದವಳು ಅವಳೇ. ನಾಲ್ಕನೆಯ ದಿನ ತನುಶ್ರೀ ಆರು ಗಂಟೆ ನಿದ್ದೆ ಮಾಡಿದಳು. ಐದನೆಯ ದಿನ ಚಿದಂಬರ ಬಂದ.

ಸೊಸೆಯನ್ನು ದೂರದಿಂದ ನೋಡಿ, ಅವನು ಆಫೀಸಿಗೆ ಹೋದ, ಗುರುಬಸಮ್ಮನೂ ಹಿಂದೆಯೇ ಹೋದಳು. ಹಳೆಯ ದಫ್ತರ ಹುಡುಕಲು ಗುಮಾಸ್ತರಿಗೆ ಮಧ್ಯಾಹ್ನವಾಯಿತು. ಗುರುಬಸಮ್ಮನಿಗೆ ಓದು ಅಷ್ಟಕ್ಕಷ್ಟೆ, ಗುಮಾಸ್ತರೇ ಓದಿದರು. ಸಿದ್ದಗಂಗಮ್ಮ, ಬಿನ್ನಿಪೇಟೆ. ಗುಣಮುಖ. ಕರೆದುಕೊಂಡು ಹೋಗಲು ಮನೆಯವರಿಗೆ ಕಾಗದ ಬರೆದಿದೆ. ವಾಪಸು. ಎರಡು ವರ್ಷದ ಮೇಲೆ ಮತ್ತೆ ಬರೆದಿದೆ. ವಾಪಸು. ಮತ್ತೊಮ್ಮೆ. ವಾಪಸು. ಕೊನೆಗೆ: ಮರಣ. ವಾರಸುದಾರರಿಲ್ಲ. ಆಸ್ಪತ್ರೆಯ ಸ್ಮಶಾನ.

"ಮೂರು ಸಲ ಬರ್ದಿದಾರೆ," ಎಂದ ಚಿದಂಬರ, ಗುಮಾಸ್ತರಿಗೆ ಹೇಳಿದಂತೆ.

ತೋಟದ ಮುರುಗೇಶ ಅವರನ್ನು ಹಿಂದಿನ ಗೋಡೆಯ ಕಡೆಗೆ ಕರೆದೊಯ್ದ. ಹೊಂಗೆ ಮರಗಳು, ಹುಲ್ಲು, ಅಲ್ಲಲ್ಲಿ ತಗ್ಗು. ಗೋಡೆಯಾಚೆ ಬಸ್ಸುಗಳ ಸದ್ದು.

"ಇಲ್ಲೇ ಸಾರ್. ನಮ್ಮಪ್ಪ ಗುಂಡಿ ತೋಡೋರು. ಕೋಲಿಗೆ ನಂಬರ್ ತಗಡು ಹೊಡೀತಿದ್ರಂತೆ, ಮಳೆಗೆ ತಡೀಲಿಲ್ಲ. ಮೈಸೂರು ಮಹಾರಾಜರ ಕಾಲ್ದಲ್ಲಿ ಆಸ್ಪತ್ರೆ ಪೇಟೆ ಒಳಗಿತ್ತಂತಲ್ಲ, ಆವಾಗಿಂದ್ಲೂ ಹಿಂಗೇ ಅಂತ ಅಪ್ಪ ಹೇಳೋರು. ಬಿಟ್ಟು ಹೋಗೋರು ಬಹಳ, ಕರ್ಕೊಂಡು ಹೋಗಕ್ಕೆ ಬರೋರು ಕಮ್ಮಿ. ಗೋಡೆ ಕಟ್ಟುವಾಗ ಸ್ವಲ್ಪ ಜಾಗ ಆಚೇಗೂ ಹೋಯ್ತು."

"ಹೆಂಗಸರದ್ದು ಯಾವ ಕಡೆ?"

"ಗೊತ್ತಿಲ್ಲ ಸಾರ್. ಎಲ್ರೂ ಒಟ್ಟಿಗೆ ಅವ್ರೆ."

ಚಿದಂಬರ ತಂದಿದ್ದ ಬಿಲ್ವಪತ್ರೆಯನ್ನು ಎಲ್ಲಿ ಇಡುವುದೆಂದು ತಿಳಿಯದೆ ಹುಲ್ಲಿನಲ್ಲಿ ಅತ್ತಿತ್ತ ನಡೆದ. ಕೊನೆಗೆ ಅದನ್ನು ಮುರುಗೇಶನ ಕೈಗೆ ಕೊಟ್ಟ. ಗುರುಬಸಮ್ಮ ಹತ್ತು ಹೆಜ್ಜೆ ಹಿಂದೆ, ಚಪ್ಪಲಿ ಬಿಟ್ಟು, ಹುಲ್ಲಿನ ಅಂಚಿನಲ್ಲೇ ನಿಂತಿದ್ದಳು. ಒಳಗೆ ಕಾಲಿಡುವ ಮುಖ ಅವಳಿಗಿರಲಿಲ್ಲ.

ದೀಪಾವಳಿಗೆ ನಾಲ್ಕು ದಿನ ಇರುವಾಗ ತನುಶ್ರೀ ಮನೆಗೆ ಬಂದಳು. ಸ್ವಲ್ಪ ಊದಿಕೊಂಡ ಮುಖ, ನಿಧಾನದ ಮಾತು, ಹೊತ್ತು ಹೊತ್ತಿಗೆ ಮಾತ್ರೆ. ಕೂಸು ಅವಳದೇ ಎಂದು ಅವಳಿಗೆ ಗೊತ್ತಿತ್ತು. ಎದುರು ಮನೆಯವರು "ತುಮಕೂರಿಗೆ ಹೋಗಿದ್ರಾ?" ಎಂದಾಗ ಅಕ್ಷಯಾ, "ಇಲ್ಲ ಆಂಟಿ, ಹುಚ್ಚಾಸ್ಪತ್ರೇಲಿದ್ರು. ವಾಸಿಯಾಯ್ತು," ಎಂದಳು. ನೋಡಲು ಬರಬೇಕಿದ್ದ ಗಂಡಿನ ಕಡೆಯವರು ಬರಲಿಲ್ಲ. ಅವಳು ಆ ದಿನ ಅತ್ತಿಗೆಯ ಕೈಯಲ್ಲಿ ಶಾವಿಗೆ ಪಾಯಸ ಮಾಡಿಸಿ ತಿಂದಳು.

ಚಿದಂಬರ ಗುರುಬಸಮ್ಮನಿಗೆ ಕಾಫಿ ತಂದುಕೊಡುತ್ತಿದ್ದ, ಬಿ.ಪಿ. ಮಾತ್ರೆ ತರುತ್ತಿದ್ದ. ಆದರೆ ಅಮ್ಮ ಎನ್ನುತ್ತಿರಲಿಲ್ಲ. ಕರೆಯಬೇಕಾದಾಗ ಹತ್ತಿರ ಬಂದು ನಿಲ್ಲುತ್ತಿದ್ದ. ಒಮ್ಮೆ ಬಾಯಿ ತೆರೆದು, ಮುಚ್ಚಿದ. ಅವನಿಗೆ ಅದು ಎಷ್ಟು ಕಷ್ಟ ಎಂಬುದನ್ನು ಅವಳು ನೋಡಿದಳು. ಇನ್ನು ಅಲ್ಲೇ ಬಂದಿರುತ್ತೇನೆಂದು ಶೇಷಾದ್ರಿಪುರದಲ್ಲಿದ್ದ ತನ್ನ ತಮ್ಮನಿಗೆ ಫೋನು ಮಾಡಿಸಿದಳು.

ಹೊರಡುವ ಮುಂಚೆ ತನುಶ್ರೀಯ ಕೋಣೆಗೆ ಹೋದಳು.

"ನನ್ನಿಂದ ಹೀಗಾಯ್ತಲ್ಲ ಅಜ್ಜಿ," ಎಂದಳು ತನುಶ್ರೀ.

"ನಿನ್ನಿಂದ ಏನೂ ಆಗಿಲ್ಲ. ನಂದು ನಾನು ಮಾಡ್ಕೊಂಡಿದ್ದು. ಒಂದು ಮಾತು ನಡೆಸಿಕೊಡು. ಇವಳಿಗೆ ತಿಳಿವಳಿಕೆ ಬಂದಾಗ ನೀನೇ ಕೂರಿಸ್ಕೊಂಡು ಹೇಳು, ನಂಗೆ ಹೀಗಾಗಿತ್ತು, ಆಸ್ಪತ್ರೇಲಿದ್ದೆ ಅಂತ. ಬೇರೆಯೋರ ಬಾಯಲ್ಲಿ ಕೇಳೋದು ಬೇಡ. ನಾಳೆ ಅವಳ ಬಾಣಂತನದಲ್ಲಿ ಅವಳಿಗೆ ಬೇಕಾಗುತ್ತೆ."

ತನುಶ್ರೀ ತಲೆಯಾಡಿಸಿದಳು.

ಆಟೋ ಬಂದಿತ್ತು. ಚೀಲವನ್ನು ಚಿದಂಬರನೇ ಎತ್ತಿ ತಂದ, ಅವಳ ಕಾಲ ಬಳಿ ಸರಿಯಾಗಿ ಇಟ್ಟ. "ವಯಸ್ಸಾದೋರು, ಹಂಪ್ ಹತ್ರ ನಿಧಾನ ಹೋಗಪ್ಪ," ಎಂದು ಆಟೋದವನಿಗೆ ಹೇಳಿದ.

ಐವತ್ತೇಳು ವರ್ಷ ಬಾಳಿದ ಆ ಮನೆಯಿಂದ ಗುರುಬಸಮ್ಮ ಹೊರಟದ್ದು ಕಾರ್ತಿಕದ ಮೊದಲ ಶನಿವಾರ, ಬೆಳಿಗ್ಗೆ ಹತ್ತು ಗಂಟೆಗೆ.